ಹಿಂದಕ್ಕ ಎಳಕೊಂಡ ಕಾಲು

ಲಗ್ಗೆರ್‍ಯಾಗಿರೋ ನಮ್ಮಪ್ಪಗ,

ಎರಡು ದಿನದಿಂದ ನೀ ಫೋನ್ ಎತ್ತವಲ್ಲಿ, ಅದಕ್ಕ ಬರದೀನಿ. ದಸರಾಕ್ಕ ಬನ್ನಿ ಎಲಿ ಕೊಟ್ಟು ಕಾಲು ಮುಟ್ಟಾಕ ಬಗ್ಗಿದ್ರ, "ಬಂಗಾರದಂಗಿರವ್ವ" ಅಂತ ಕಾಲು ಹಿಂದಕ್ಕ ಎಳಕೊಂಡಿ. ಮನ್ಯಾಗೂ ಸಾಕ್ಸ್ ಹಾಕಿದ್ದಿ. ಮೊನ್ನೆ ವಿಡಿಯೊ ಕಾಲ್‌ನಾಗ ಎರಡೂ ಕಾಲು ತೋರ್ಸು ಅಂದ್ರ, ಕರೀ ಮಚ್ಚೆ ಇರೋ ಬಲಗಾಲನ್ನ ಎರಡು ಸಲ ತೋರ್ಸಿದಿ.

ಮಗಳು ಫ್ಯಾಕ್ಟರಿ ಕೆಲಸ ಬಿಡಿಸ್ತಾಳ ಅಂತ ಹುಣ್ಣು ಮುಚ್ಚಿಡಾಕತ್ತಿ, ಹೌದಲ್ಲ?

ನೋವಿಲ್ಲ ಅಂತಿ. ಹೆಬ್ಬಗೋಡಿ ಆಸ್ಪತ್ರ್ಯಾಗ ದಿನಾ ನಿನ್ನಂಥ ಸಕ್ಕರಿ ಕಾಯಿಲೆಯವರ ಕಾಲಿಗೆ ಡ್ರೆಸ್ಸಿಂಗ್ ಮಾಡೋ ನರ್ಸ್ ನಾನು. ನರ ಸತ್ತು ನೋವಿಲ್ಲದಂಗಾದ ಹುಣ್ಣಿಗೇ ನಾ ಹೆಚ್ಚು ಅಂಜತೀನಿ.

ಐತವಾರ ಬರ್ತೀನಿ. ಅಲ್ಲೀತನಕ ಆ ಫ್ಯಾಕ್ಟರಿ ಬೂಟು ಹಾಕಬ್ಯಾಡ, ಬಿಸಿನೀರಾಗ ಕಾಲು ಇಡಬ್ಯಾಡ. ಬಂದಕೂಡ್ಲೆ ಬಗ್ಗತೀನಿ. ಆಶೀರ್ವಾದ ಆಮ್ಯಾಲ ಮಾಡು, ಮೊದಲು ಎಡಗಾಲು ಮುಂದಿಡು.

ನಿನ್ನ ಮಗಳು,
ಮಹಾನಂದಾ