ಕುದುರೆ ಹತ್ತಲು ಒಂದು ಸ್ಟೂಲು

ನವೆಂಬರ್ ೧೨, ಬುಧವಾರ

ಒಂದು ಸ್ಟೂಲಿನ ವಿಷಯ ತಲೆಯಿಂದ ಇಳಿಯುತ್ತಿಲ್ಲ.

ಬೆಳಿಗ್ಗೆ ರೇವತಿ ಹರಿಹರದಿಂದ ನಮ್ಮ ಕುದುರೆ ಸವಾರಿ ಶಾಲೆಗೆ ಬಂದಿದ್ದರು. ಅವರ ಮಗಳು ನಮ್ಮಲ್ಲೇ ಸವಾರಿ ಕಲಿಯುತ್ತಾಳೆ, ಹದಿನಾಲ್ಕು ವರ್ಷ. "ಕುದುರೆ ಹತ್ತಿಸೋ ನೆಪದಾಗ ಕೋಚ್ ಎಲ್ಲೆಲ್ಲೋ ಕೈ ಹಾಕ್ತಾನಂತ ಮೇಡಂ," ಎಂದರು. ಅಳಲಿಲ್ಲ. ಕೊಟ್ಟ ನೀರನ್ನೂ ಕುಡಿಯಲಿಲ್ಲ.

ಅಧ್ಯಕ್ಷ ವಾಮದೇವಪ್ಪನವರದು ಒಂದೇ ರಾಗ. "ಮೆಡಲ್ ತಂದುಕೊಟ್ಟ ಮನುಷ್ಯ ಅವ್ನು. ಪೊಲೀಸ್ ಗಿಲೀಸ್ ಬ್ಯಾಡ್ರಿ, ನಮ್ಮೊಳಗ ಮುಗ್ಸ್ರಿ." ಕಾರ್ಯದರ್ಶಿಯಾಗಿ ನಾನು ಒಪ್ಪಲಿಲ್ಲ. ರೇವತಿಯ ಜೊತೆ ಠಾಣೆಗೆ ಹೋಗಿ ದೂರು ಕೊಟ್ಟು ಬಂದೆ. ವಾಪಸ್ ಬರುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಸಂಜೆ, ಪೊಲೀಸರು ಕೇಳಿದ ಕಾಗದಗಳನ್ನು ಹುಡುಕುವಾಗ ಫೈಲಿನಲ್ಲಿ ಆ ಹುಡುಗಿಯ ಅರ್ಜಿ ಸಿಕ್ಕಿತು. ಜೂನ್ ತಿಂಗಳದ್ದು, ದುಂಡಗಿನ ಅಕ್ಷರ. "ಕುದುರೆ ಹತ್ತಲು ಒಂದು ಸ್ಟೂಲು ಕೊಡಿಸಿ. ನಾನೇ ಹತ್ತಿಕೊಳ್ಳುತ್ತೇನೆ."

ಕೆಳಗೆ ಕೆಂಪು ಶಾಯಿಯಲ್ಲಿ: "ಕೋಚ್ ಹತ್ತಿಸುತ್ತಾರೆ. ಅಗತ್ಯವಿಲ್ಲ." ಅದರಡಿ ನನ್ನ ಸಹಿ.

ನಾಳೆ ಹತ್ತು ಗಂಟೆಗೆ ಫೈಲನ್ನು ಠಾಣೆಗೆ ಒಯ್ಯಬೇಕು. ಈ ಒಂದು ಹಾಳೆ ತೆಗೆದಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ದಣಿದು ಸಾಕಾಗಿದೆ. ಆದರೂ ಆ ಹಾಳೆಯನ್ನೇ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಬೆಳಗಿನ ತನಕ ನಾನು ಅದನ್ನು ಮುಟ್ಟದಿದ್ದರೆ ಸಾಕು.