ಕೆಳಬೀದಿಗೆ ಇಳಿಯದೆ ಕೆಳಬೀದಿಯನ್ನು ಎಣಿಸಿದವರಿಗೆ

ಮಾನ್ಯ ಜಿಲ್ಲಾ ಗಣತಿ ಕಚೇರಿಯ ಮುಖ್ಯಸ್ಥರೇ,

ಈ ಪತ್ರವನ್ನು ವಾಚನಾಲಯದ ಅಂಗಳದಲ್ಲಿ ನೆರೆದವರ ಮುಂದೆ ಓದಿ, ಆಮೇಲೆ ನಿಮಗೆ ಕಳುಹಿಸುತ್ತಿದ್ದೇನೆ. ಆದ್ದರಿಂದ ಮೊದಲ ವಂದನೆ ನಿಮಗಲ್ಲ. ನನ್ನ ವಿದ್ಯಾರ್ಥಿಗಳು ಬಾಗಿಲು ತಟ್ಟಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಉತ್ತರ ಕೊಟ್ಟ ಕೆಳಬೀದಿಯ ಹಿರಿಯರಿಗೆ. ನಿಮಗಿರುವುದು ದೂರು ಮಾತ್ರ. ಇನ್ನೂರ ಹದಿನಾಲ್ಕು ಕುಟುಂಬಗಳನ್ನು ಕಾಗದದ ಮೇಲೆ ಶ್ರೀಮಂತಗೊಳಿಸಿ, ಅದೇ ಕಾಗದ ತೋರಿಸಿ ಅವರಿಗೆ ಬರಬೇಕಾದ ನೀರಿನ ಕೊಳವೆಯನ್ನು ತಡೆದಿದ್ದೀರಿ.

ನಿವೃತ್ತನಾದ ಮೇಲೂ ನಾನು ಭಾನುವಾರಗಳಂದು ಕಾಲೇಜು ಮಕ್ಕಳಿಗೆ ಅಂಕಿಅಂಶ ಕಲಿಸುತ್ತೇನೆ. ನೀವು ಪ್ರಕಟಿಸಿದ ಕೋಷ್ಟಕಗಳನ್ನು ಹಿಡಿದು ಜಿಲ್ಲೆಯ ನಕ್ಷೆಗೆ ಬಣ್ಣ ತುಂಬಿರೆಂದು ಹೇಳಿದ್ದೆ: ಉಳ್ಳವರ ಬೀದಿಗೆ ಹಸಿರು, ಇಲ್ಲದವರ ಬೀದಿಗೆ ಕೆಂಪು. ಯಾರು ಎಲ್ಲಿ ಗುಂಪುಗೂಡಿದ್ದಾರೆ, ಯಾರನ್ನು ಎಲ್ಲಿಗೆ ತಳ್ಳಲಾಗಿದೆ ಎಂಬುದು ಅವರ ಕಣ್ಣಿಗೇ ಕಾಣಲಿ ಎಂಬ ಆಸೆ. ಬಂಗಲೆಗಳ ದಿಣ್ಣೆ ಹಸಿರಾಯಿತು. ದಿಣ್ಣೆಯ ಬುಡದ ಕೆಳಬೀದಿಯೂ ಹಸಿರಾಯಿತು! ಆ ಬೀದಿಯಲ್ಲೇ ಹುಟ್ಟಿ ಬೆಳೆದ ಹುಡುಗಿ ಪೆನ್ಸಿಲ್ ಕೆಳಗಿಟ್ಟಳು.

"ಸರ್, ನಮ್ಮ ಬೀದೀಲಿ ಮನೆಗೆ ಆರಾರು ಕೋಣೆಯಂತೆ, ಒಳಗೇ ನಲ್ಲಿಯಂತೆ. ಮತ್ತೆ ನಾವು ಐದು ಜನ ಯಾಕೆ ಒಂದೇ ಕೋಣೇಲಿ ಸಾಲಾಗಿ ಮಲಗ್ತೀವಿ? ಅಭ್ಯಾಸ ತಪ್ಪಬಾರದು ಅಂತಲಾ?"

ತರಗತಿ ನಕ್ಕಿತು; ಅವಳು ನಗಲಿಲ್ಲ. ಅಂದು ಸಂಜೆಯೇ ಅವಳ ಮನೆಗೆ ಹೋದೆ. ತಾಯಿ ದಿಣ್ಣೆಯ ಬಂಗಲೆಯೊಂದರಲ್ಲಿ ಅಡುಗೆ ಮಾಡುವವರು. ಗಣತಿಯವರು ಬಂದಿದ್ದರೇ ಎಂದು ಕೇಳಿದೆ.

"ಇಲ್ಲಿಗೆಲ್ಲಿ ಬರ್ತಾರೆ ಮೇಷ್ಟ್ರೇ? ಹಗಲೊತ್ತು ಬೀದಿಗೆ ಬೀದಿಯೇ ಬೀಗ. ನಾನು ಕೆಲಸ ಮಾಡೋ ಮನೇಲೇ ಸಿಕ್ಕಿದ್ರು. ಹೆಸರು, ವಯಸ್ಸು, ಮನೆ ನಂಬರು ಕೇಳಿದ್ರು. ಮಿಕ್ಕಿದ್ದನ್ನ ಸೋಫಾ ಮೇಲೆ ಕೂತು, ಸುತ್ತ ನೋಡ್ಕೊಂಡು ತಾವೇ ತುಂಬ್ಕೊಂಡ್ರು."

"ಇದು ನನ್ನ ಮನೆಯಲ್ಲ ಅನ್ನಬೇಕಿತ್ತಮ್ಮ!" ಮಗಳು ರೇಗಿದಳು.

"ಕೇಳಿದ್ರೆ ತಾನೇ ಹೇಳೋದು? ಪೆನ್ನು ಅವರ ಕೈಲಿತ್ತು ಕಣೇ, ನನ್ನ ಕೈಲಿದ್ದದ್ದು ಸೌಟು."

ಮಾನ್ಯರೇ, ಅಡುಗೆಯವರು, ತೋಟದ ಮಾಲಿ, ಕಾವಲುಗಾರ, ಬಟ್ಟೆ ಒಗೆಯುವವರು, ಹೀಗೆ ಬೀದಿಯ ಬಹುಪಾಲು ಜನರನ್ನು ನಿಮ್ಮವರು ಎಣಿಸಿದ್ದು ಯಜಮಾನರ ಹಜಾರಗಳಲ್ಲಿ. ಕೆಳಬೀದಿಯ ಮನೆ ನಂಬರಿನ ಮುಂದೆ, ದುಡಿಯುವ ಬಂಗಲೆಯ ಕೋಣೆ, ನಲ್ಲಿಗಳನ್ನೇ ಅವರ ಸ್ವಂತದ್ದೆಂದು ಬರೆದರು. ಎಂಥ ಔದಾರ್ಯ! ಎಷ್ಟೋ ತಲೆಮಾರುಗಳ ಸುಧಾರಕರಿಂದ ಆಗದ ಸಮಾನತೆಯನ್ನು ಕೆಲವೇ ಮಧ್ಯಾಹ್ನಗಳಲ್ಲಿ, ಮೆಟ್ಟಿಲು ಕೂಡ ಇಳಿಯದೆ ಸಾಧಿಸಿದಿರಿ. ತಪ್ಪು ತೋರಿಸಿ ಮೂರು ಮನವಿ ಕೊಟ್ಟೆವು. 'ಅಧಿಕೃತ ಅಂಕಿಅಂಶಗಳ ಪ್ರಕಾರ ಸದರಿ ಬೀದಿ ಅನುಕೂಲಸ್ಥರದ್ದು' ಎಂದು ಉತ್ತರಿಸಿ, ಕೊಳವೆ ಯೋಜನೆಯ ಪಟ್ಟಿಯಿಂದ ಬೀದಿಯನ್ನೇ ಹೊಡೆದುಹಾಕಿದಿರಿ. ಮೂರನೆಯ ಮನವಿಯ ದಿನ ನಿಮ್ಮ ಗುಮಾಸ್ತರು ಆ ಹುಡುಗಿಗೆ, "ಏನಮ್ಮಾ, ಬಡವಳಾಗೋಕೆ ಇಷ್ಟು ಆತುರಾನಾ?" ಎಂದರು. ನೀವು ಪಕ್ಕದಲ್ಲೇ ಕೂತು ನಕ್ಕಿರಿ.

ಅಲ್ಲಿಯವರೆಗೆ ಅದು ತಪ್ಪಾಗಿತ್ತು. ಆ ನಗುವಿನ ನಂತರ ಅಪರಾಧ. ಅದನ್ನು ನಾನು ಕ್ಷಮಿಸುವುದಿಲ್ಲ, ಕ್ಷಮಿಸಲು ನನ್ನ ಮಕ್ಕಳಿಗೂ ಕಲಿಸುವುದಿಲ್ಲ. ಹತ್ತೊಂಬತ್ತು ವಿದ್ಯಾರ್ಥಿಗಳು ಮನೆಮನೆಗೂ ಹೋಗಿ ಎಣಿಸಿ ಬಂದಿದ್ದಾರೆ. ಒಳಗೆ ನಲ್ಲಿಯಿರುವ ಮನೆಗಳು ಎಷ್ಟೆಂದು ಬಲ್ಲಿರಾ? ಒಂದೂ ಇಲ್ಲ. ಅವರ ಕೆಂಪು ನಕ್ಷೆ ಮತ್ತು ನಿಮ್ಮ ಹಸಿರು ನಕ್ಷೆ ಪಕ್ಕಪಕ್ಕದಲ್ಲಿ ಜಿಲ್ಲೆಯ ಪ್ರತಿ ಬಸ್ ನಿಲ್ದಾಣದ ಗೋಡೆ ಏರಲಿವೆ. ನಿಮ್ಮ ಬಡ್ತಿಯ ಕಡತ ಹೋಗುವ ಪ್ರತಿ ಮೇಜಿಗೂ ಒಂದೊಂದು ಪ್ರತಿ ಹೋಗಲಿದೆ. ಈ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅಧ್ಯಾಪಕರಾಗುತ್ತಾರೆ. ನೀವು ಕುರ್ಚಿ ಬಿಟ್ಟು ಎಷ್ಟು ವರ್ಷವಾದರೂ, ಹೇಗೆ ಎಣಿಸಬಾರದು ಎಂಬ ಪಾಠಕ್ಕೆ ನೀವೇ ಉದಾಹರಣೆ. ಇದು ಬೆದರಿಕೆಯಲ್ಲ, ಪಠ್ಯಕ್ರಮ.

ಯೋಜನೆಯ ಪಟ್ಟಿ ತಿಂಗಳ ಕೊನೆಗೆ ಮುಚ್ಚುತ್ತದೆ. ಅದಕ್ಕೆ ಮುನ್ನ ಕೆಳಬೀದಿಯ ಮರುಗಣತಿಯಾಗಬೇಕು; ಜನ ಕೆಲಸಕ್ಕೆ ಹೊರಡುವ ಮುಂಚೆ, ಅವರವರ ಹೊಸ್ತಿಲಲ್ಲಿ, ನೀವೇ ನಿಂತು ಮಾಡಿಸಬೇಕು.

ಮಕ್ಕಳೇ, ಸಾಹೇಬರು ಬರುವುದನ್ನು ಕಾಯಬೇಡಿ. ಜಿಲ್ಲೆಯಲ್ಲಿ ಬಂಗಲೆಗಳಿರುವ ದಿಣ್ಣೆಗಳು ಇನ್ನೂ ಹದಿನೇಳಿವೆ. ಪ್ರತಿಯೊಂದರ ಬುಡದಲ್ಲೂ ಬೀದಿಗಳಿವೆ. ನಾಳೆ ಬೆಳಿಗ್ಗೆ ಆರಕ್ಕೆ ಮೊದಲ ಬಾಗಿಲು ತಟ್ಟಿ.

ಇಂತಿ,
ಮೂವತ್ತು ವರ್ಷ ಸರಾಸರಿ ತೆಗೆಯುವುದನ್ನಷ್ಟೇ ಕಲಿಸಿ, ತಡವಾಗಿ ನಾಚಿಕೊಂಡ ಒಬ್ಬ ಲೆಕ್ಕದ ಮೇಷ್ಟ್ರು