ಕೆಂಪು ಮೂಗಿನವರ ಮನೆಗೊಂದು ಚುಕ್ಕೆ ಮರಿ

ಬಾಯೂ ಕನಾರ್, ಲೂಯಿಸಿಯಾನ
ಏಪ್ರಿಲ್ 26, 1956, ಗುರುವಾರ

ಕ್ಲೋವಿಸ್ ಮಹಾರಾಯನಿಗೆ,

‘ಪ್ರೀತಿಯ’ ಎಂದು ಶುರುಮಾಡೋಣವೆಂದಿದ್ದೆ, ಪೆನ್ನು ಒಪ್ಪಲಿಲ್ಲ. ನೀನು ಆ ದಡದ ಗುಡಿಸಲಿನಲ್ಲಿ ಮೀನು ಹುರಿದುಕೊಂಡು, ನಿನ್ನ ನಾಯಿ ಸೆನೆಟರನಿಗೂ ತಿನ್ನಿಸಿಕೊಂಡು ಆರಾಮವಾಗಿದ್ದೀಯೆಂದು ಸಿಗಡಿ ದೋಣಿಯವನು ಹೇಳಿದ. ಇರು, ಇರು. ನಿನ್ನ ಆರಾಮ ಕೆಡಿಸುವುದಕ್ಕೇ ಈ ಕಾಗದ. ನಮ್ಮ ಕನೆಲ್ ಮರಿ ಹಾಕಿದ್ದಾಳೆ. ಒಟ್ಟು ಆರು. ಐದು ತಾಮ್ರದ ಚೊಂಬು ತೊಳೆದಿಟ್ಟ ಹಾಗಿವೆ. ಆರನೆಯದು ಬೂದು ಬಣ್ಣ, ಮೈತುಂಬಾ ಕರಿ ಚುಕ್ಕೆ, ಮೇಲೆ ಕರಿ ಮೂಗು ಬೇರೆ. ಅಂಥ ಮೈಬಣ್ಣ ಈ ಸೀಮೆಯಲ್ಲಿ ಯಾರ ನಾಯಿಗಿದೆ, ನೀನೇ ಹೇಳು.

ನಿನಗೆ ಎಲ್ಲ ಗೊತ್ತು. ಆದರೂ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಕೂರುವುದರಲ್ಲಿ ನೀನು ಎತ್ತಿದ ಕೈ. ನಮ್ಮಜ್ಜ ಒನೆಸಿಮ್ ಒಳ್ಳೆಯದೊಂದು ಹೇಸರಗತ್ತೆ ಕೊಟ್ಟು ಐರ್ಲೆಂಡಿನ ನಾವಿಕನಿಂದ ಈ ನಾಯಿಗಳ ಮೊದಲ ಜೋಡಿ ತಂದದ್ದು. ಪಿಟ್ ಬುಲ್ ಟೆರಿಯರ್ ಊರಿಗೊಂದು ಸಿಗುತ್ತದೆ. ಮೂಗು, ತುಟಿ, ಉಗುರು ಎಲ್ಲ ಕೆಂಪಾಗಿ, ಕಣ್ಣು ಜೇನಿನ ಬಣ್ಣವಾಗಿರುವುದು ನಮ್ಮಂಥ ಕೆಲವೇ ಮನೆಗಳಲ್ಲಿ. ಕೆಂಪಿಗೆ ಕೆಂಪನ್ನೇ ಕೂಡಿಸಿದರೆ ಕರಿ ಮೂಗು ಹುಟ್ಟುವುದೇ ಇಲ್ಲ. ಹುಟ್ಟಿತೆಂದರೆ ಬೇಲಿ ಯಾರೋ ದಾಟಿದ್ದಾರೆ ಎಂದೇ ಅರ್ಥ. ಅಂಥದ್ದನ್ನು ಕಣ್ಣು ಬಿಡುವ ಮೊದಲೇ ಗೋಣಿಯಲ್ಲಿ ಹಾಕಿ ನೀರಿಗೆ ಬಿಡಬೇಕು ಎನ್ನುವುದು ಅಜ್ಜನ ಕಟ್ಟಳೆ. ಪುಣ್ಯಾತ್ಮ ಎಲ್ಲದರಲ್ಲೂ ಒಳ್ಳೆಯವನು, ಇದೊಂದರಲ್ಲಿ ಕಟುಕ.

ನಾನು ಆ ಮರಿಯನ್ನು ನೀರಿಗೆ ಬಿಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಮರೆಯಬೇಡ.

ಹುಟ್ಟಿದ ದಿನವೇ ಅದನ್ನು ಒಲೆ ಪಕ್ಕದ ಬುಟ್ಟಿಯಲ್ಲಿ ಬಚ್ಚಿಟ್ಟೆ. ಹಾಲು ಕುಡಿಸಲು ಹೊತ್ತುಹೊತ್ತಿಗೆ ಕನೆಲ್ ಹತ್ತಿರ ಒಯ್ಯುವುದು, ವಾಪಸ್ಸು ತರುವುದು. ಮರಿ ನೋಡಲು ಜೆನೋಬಿ ದೊಡ್ಡಮ್ಮ ಬರುತ್ತಾಳೆಂದು ಗೊತ್ತಾದಾಗ ನನಗೊಂದು ಬುದ್ಧಿ ಹೊಳೆಯಿತು. ನಗಬೇಡ. ಈಸ್ಟರ್ ಮೊಟ್ಟೆಗೆ ಬಣ್ಣ ಹಾಕಿ ಮಿಕ್ಕ ಈರುಳ್ಳಿ ಸಿಪ್ಪೆ ಒಂದು ಚೀಲ ಇತ್ತಲ್ಲ, ಅದನ್ನೇ ಕುದಿಸಿ, ಆರಿಸಿ, ಮರಿಗೆ ಸ್ನಾನ ಮಾಡಿಸಿದೆ. ಮೊಟ್ಟೆಗೆ ಎಂಥ ಚೆಂದದ ಕೆಂಪು ಬರುತ್ತದೆ! ಇದಕ್ಕೂ ಬಂತು. ಈರುಳ್ಳಿ ವಾಸನೆಗೆ ನನಗೇ ಹೊಟ್ಟೆ ತೊಳಸಿ ಹಿತ್ತಿಲಿಗೆ ಓಡಿದೆ, ಎರಡು ಸಲ. ಹಿಂದಿನ ದಿನದ ಮೀನಿರಬೇಕು, ಬಿಡು. ನಾನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಕನೆಲ್ ಮರಿಯನ್ನು ತಲೆಯಿಂದ ಬಾಲದವರೆಗೆ ನೆಕ್ಕಿ, ಸೀನಿ, ಮತ್ತೆ ನೆಕ್ಕಿ, ಚುಕ್ಕೆಗಳನ್ನೆಲ್ಲ ಮೊದಲಿಗಿಂತ ಫಳಫಳ ಮಾಡಿಟ್ಟಿದ್ದಳು. ಬಾಗಿಲಲ್ಲಿ ದೊಡ್ಡಮ್ಮ!

ಹೋದ ವರ್ಷ ಅಜ್ಜನ ತಿಥಿಯ ಊಟಕ್ಕೆ ಕೂತಾಗ ನೀನು “ನಾಯಿ ಮೂಗು ಕೆಂಪಾಗಿರೋದು ದೊಡ್ಡ ವಿಷಯಾನಾ? ಈ ಮನೆ ಗಂಡಸರದ್ದೂ ಸಂಜೆಯಾದ್ರೆ ಕೆಂಪೇ” ಅಂದೆಯಲ್ಲ, ಆವತ್ತಿನಿಂದ ಅವಳಿಗೆ ನಿನ್ನ ಹೆಸರೆತ್ತಿದರೆ ಉರಿ. ಮಾತು ನಿಜವಾದ್ದರಿಂದ ಇನ್ನೂ ಜಾಸ್ತಿ ಉರಿ. ಕ್ಷಮೆ ಕೇಳು ಅಂದರೆ ಕೇಳದೆ ಸೆನೆಟರನನ್ನು ದೋಣಿಗೆ ಹತ್ತಿಸಿಕೊಂಡು ಹೊರಟೆ. ನಾನೂ ಹೋಗು ಅಂದೆ. ನನ್ನ ಗಂಡ ಇನ್ನು ಈ ಹೊಸ್ತಿಲು ತುಳಿಯಕೂಡದು ಎಂದು ನಾನೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಹೇಳಿದೆ. ಆ ಮಾತು ಉಳಿಸಿಕೊಂಡು ತಲೆಯೆತ್ತಿ ಓಡಾಡುತ್ತಿದ್ದೆ.

ಮುಖವಾಡ ಹಾಕಿಕೊಂಡು ಕುದುರೆಯೇರಿ ಮನೆಮನೆಗೆ ಹೋಗುವ ಆ ಮಾರ್ಡಿ ಗ್ರಾ ಹಬ್ಬ ಬರದಿದ್ದರೆ ಇವತ್ತಿಗೂ ಓಡಾಡುತ್ತಿದ್ದೆ.

ದೊಡ್ಡಮ್ಮ ಕನ್ನಡಕ ಏರಿಸಿ ಮರಿಯನ್ನು ತಿರುಗಿಸಿ ನೋಡಿದಳು. “ಇದು ಆ ದಡದ ಚಿರತೆ ನಾಯೀದು ಕಣೇ ಯೂಲಾಲಿ. ಅದೇನು ಬಾಯೂ ಹೊಳೆ ಈಜಿ ಬಂದು, ತಾನೇ ಗೇಟಿನ ಚಿಲಕ ತೆಗೀತಾ?” ಅಂದಳು. ನಾನು ಹಬ್ಬದ ದಿನ ಸವಾರರ ಹಿಂದೆ ಎಷ್ಟೋ ನಾಯಿ ಬರುತ್ತವೆ, ಬಂದಿರಬೇಕು ಅಂದೆ. “ಬರಲಿ. ಅದರ ಹಿಂದೆ ಯಾರು ಬಂದ್ರು?” ಅಂದಳು. ಎಲ್ಲರೂ ಮುಖವಾಡ ಹಾಕಿಕೊಂಡು ಗಂಬೋ ಸಾರಿಗೆ ಕೋಳಿ ಬೇಡಲು ಬಂದಿದ್ದರು, ಯಾರೆಂದು ಹೇಗೆ ಹೇಳಲಿ ಅಂದೆ. ಅವಳು ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದೆ. ದೊಡ್ಡಮ್ಮ ಯೋಚನೆ ಮಾಡತೊಡಗಿದಳು. ಅವಳು ಯೋಚನೆ ಮಾಡುವಾಗ ಕೆಳತುಟಿ ಮುಂದೆ ಬರುತ್ತದೆ, ನೀನು ನೋಡಿದ್ದೀಯ.

“ಆ ಹಳದಿ ಚೂಪು ಟೋಪಿಯವನು,” ಅಂದಳು. “ನನ್ನ ಕೈ ಹಿಡಿದು ಅಂಗಳದಲ್ಲಿ ಕುಣಿಸಿದವನು. ‘ಅಮ್ಮಾವ್ರೇ, ನಿಮ್ಮ ಕಾಲು ಇನ್ನೂ ಹದಿನಾರರದ್ದು’ ಅಂದವನು. ಎಷ್ಟು ಮರ್ಯಾದಸ್ಥ ಅಂತ ಕೊಬ್ಬಿದ ಹುಂಜಾನೇ ಕೊಟ್ಟೆನಲ್ಲೇ ಅವನಿಗೆ!”

ನನಗೆ ನಗು ತಡೆಯಲಾಗಲಿಲ್ಲ ಕ್ಲೋವಿಸ್. ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡೆ. ಅಯ್ಯೋ ದಡ್ಡ, ನೀನು ಮುಖಕ್ಕೆ ಮುಖವಾಡ ಹಾಕಿದೆ, ದನಿ ಬದಲಾಯಿಸಿದೆ, ಬೇರೆಯವರ ಕುದುರೆ ಹತ್ತಿ ಬಂದೆ. ಹಿಂದೆ ಬಾಲ ಆಡಿಸಿಕೊಂಡು ಬಂದ ಸೆನೆಟರನಿಗೆ ಏನು ಹಾಕಿದ್ದೆ? ಬೇರೆ ಸವಾರರು ಮುಂದಿನ ಮನೆಗೆ ಹೋದ ಮೇಲೆ ನೀನು ಗೇಟಿನ ಕೀಲು ಸಡಿಲವಾಗಿದೆ ಎಂದು ನಿಂತೆ. ಕೀಲು ರಿಪೇರಿಯಾಗುವಷ್ಟರಲ್ಲಿ ಬೆಳಗಾಯಿತು. ಆ ಕೀಲು ಈಗಲೂ ಕಿರುಗುಟ್ಟುತ್ತಿದೆ, ನಿನ್ನ ಕೆಲಸದ ಚೆಂದಕ್ಕೆ.

ದೊಡ್ಡಮ್ಮ ನಗಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಟೆಕ್ಸಸ್ಸಿನಿಂದ ಕೆಂಪು ಮೂಗಿನ ನಾಯಿ ಸಾಕುವವರೆಲ್ಲ ಮರಿ ಆರಿಸಲು ನಮ್ಮನೆಗೆ ಬರುತ್ತಿದ್ದಾರೆ. ಚುಕ್ಕೆ ಮರಿ ಹುಟ್ಟಿದೆ ಎಂದು ಅವರಿಗೆ ಗೊತ್ತಾದರೆ ಮಿಕ್ಕ ಐದನ್ನೂ ಅನುಮಾನದಲ್ಲಿ ನೋಡುತ್ತಾರೆ. “ಒಂದೋ ಅಷ್ಟರಲ್ಲಿ ಇದು ಗೋಣೀಲಿರಬೇಕು, ಇಲ್ಲಾ ಆ ಕುಣಿಯೋನು ಮುಖ ತೋರಿಸ್ಕೊಂಡು ಮುಂಬಾಗಿಲಿಂದ ಬಂದು, ನನ್ನ ನಾಯಿ ಮಾಡಿದ ಕೆಲಸ, ಈ ಒಂದು ಮರಿ ನಂದು ಅಂತ ಎಲ್ಲರೆದುರಿಗೆ ಒಪ್ಪಿಕೋಬೇಕು. ಒಂದೇ ಸೂಲಿಗೆ ಇಬ್ಬರು ಅಪ್ಪಂದಿರು ಇರಬಹುದು ಅಂತ ನಾಯಿ ಸಾಕೋರಿಗೆ ಗೊತ್ತು, ಆಗ ಮಿಕ್ಕ ಐದರ ಮರ್ಯಾದೆ ಉಳಿಯುತ್ತೆ. ನಿನ್ನದಂತೂ ಹೋಯ್ತು ಬಿಡು,” ಅಂದಳು.

ಇವತ್ತು ಬೆಳಿಗ್ಗೆ ಮರಿ ಒಂದು ಕಣ್ಣು ಬಿಟ್ಟಿದೆ. ಕಣ್ಣು ಬಿಟ್ಟದ್ದನ್ನು ಮುಳುಗಿಸುವ ಹಾಗಿಲ್ಲವಲ್ಲ ಎಂದು ದೊಡ್ಡಮ್ಮ ಬಂದೊಡನೆ ಅವಳೆದುರು ಕುಣಿದಾಡಿದೆ. “ಒಂದು ಕಣ್ಣಿಗೆ ಕಟ್ಟಳೇಲಿ ಲೆಕ್ಕ ಇಲ್ಲ,” ಅಂದುಬಿಟ್ಟಳು. ಆದರೆ ಹೊರಡುವಾಗ ಅದರ ಹೊಟ್ಟೆ ಸವರಿ, ಮೈ ಕಾದಿದೆಯೇ ನೋಡಿ ಹೋದಳು. ಗೋಣಿ ತರಲು ಅವಳಿಗೂ ಮನಸ್ಸಿಲ್ಲ. ಊರೆದುರು ಸೋಲಲೂ ಮನಸ್ಸಿಲ್ಲ. ನನ್ನ ರಕ್ತದವಳೇ ತಾನೇ.

ಆದ್ದರಿಂದ ಭಾನುವಾರ ಬಾ. ಹಿತ್ತಿಲ ಕಡೆಯಿಂದಲ್ಲ, ಮುಂಬಾಗಿಲಿಂದ. ಬಿಳಿ ಅಂಗಿ ಹಾಕಿಕೋ, ಗಡ್ಡ ಕೆರೆದುಕೋ. ದೊಡ್ಡಮ್ಮನಿಗೆ ಒಂದು ಹುಂಜ ತಾ, ಅವಳದ್ದಕ್ಕಿಂತ ಕೊಬ್ಬಿದ್ದು. ಮೂಗಿನ ಮಾತಿಗೆ ಕ್ಷಮೆ ಕೇಳು. ಬಾಯಲ್ಲಿ ಬರದಿದ್ದರೆ ಅವಳನ್ನು ಇನ್ನೊಂದು ಸುತ್ತು ಕುಣಿಸು, ಅದು ಸಾಕಾಗಬಹುದು. ಮರಿಯನ್ನು ಎತ್ತಿಕೊಂಡು ನನ್ನದು ಅನ್ನು. ಇದೆಲ್ಲ ಮರಿಯ ಜೀವಕ್ಕಾಗಿ ಕೇಳುತ್ತಿದ್ದೇನೆ. ನನಗೆ ನಿನ್ನಿಂದ ಏನೂ ಬೇಕಿಲ್ಲ.

ಚರ್ಚಿನ ಮೆಟ್ಟಿಲ ಮೇಲೆ ಆಡಿದ ಮಾತಿಗೆ ಇನ್ನೂ ಬದ್ಧಳಾದ,
ಯೂಲಾಲಿ

ತಾ.ಕ.: ಮೀನಿನ ಮಾತು ಸುಳ್ಳು, ನಾನು ಮೀನು ತಿಂದೇ ಇರಲಿಲ್ಲ. ಮಾರ್ಡಿ ಗ್ರಾ ಕಳೆದು ಕನೆಲ್‌ಗೆ ಒಂಬತ್ತು ವಾರ ಸಾಕಾಯಿತು, ನನಗೆ ಒಂಬತ್ತು ತಿಂಗಳು ಬೇಕು. ಹನ್ನೊಂದು ವರ್ಷ ಕಾದಿದ್ದೇವೆ ಕ್ಲೋವಿಸ್, ನನಗೆ ಭಯ, ಒಬ್ಬಳೇ ಇರಲಾರೆ. ಮೆಟ್ಟಿಲ ಮೇಲಿನ ಮಾತು ಹಾಳಾಗಿ ಹೋಗಲಿ. ಭಾನುವಾರ ಎಲ್ಲರೆದುರಿಗೆ ನನ್ನದು ಅನ್ನುವಾಗ ಮರಿಯ ಹತ್ತಿರವೇ ನಿಲ್ಲಿಸಬೇಡ. ಬರುವಾಗ ನಿನ್ನ ಹಾಸಿಗೆಯನ್ನೂ ದೋಣಿಗೆ ಹಾಕಿಕೊಂಡು ಬಾ.